ಚಿಕಾಗೋದ ಶಾಲಾಶಿಕ್ಷಕಿ ಮಾರ್ಗರೆಟ್ ಹೇಲಿ

ಸಾರ್ವಜನಿಕ ಬೊಕ್ಕಸದಿಂದ ಸಂಬಳ ಪಡೆಯುವವರು ಸಂಘ ಕಟ್ಟಿಕೊಂಡರೆಂದರೆ ಜನ ಮೊದಲು ಕೇಳುವ ಪ್ರಶ್ನೆ ಒಂದೇ: ಇವರು ಕಟ್ಟಿಕೊಂಡದ್ದು ತಮ್ಮ ಹೊಟ್ಟೆಗಾಗಿಯೋ, ಊರಿನ ಹಿತಕ್ಕಾಗಿಯೋ? ಪ್ರಶ್ನೆ ಒರಟಾದದ್ದು, ಆದರೆ ಅನ್ಯಾಯದ್ದಲ್ಲ. ಗಿರಣಿಯ ಕೂಲಿಕಾರನು ಹೆಚ್ಚು ಕೂಲಿ ಕೇಳಿದಾಗ ಅದನ್ನು ತೆರಬೇಕಾದವನು ಗಿರಣಿಯ ಒಡೆಯ. ಶಾಲೆಯ ಉಪಾಧ್ಯಾಯನೋ, ಆಸ್ಪತ್ರೆಯ ದಾದಿಯೋ, ಬೀದಿ ಗುಡಿಸುವವನೋ ಕೇಳಿದಾಗ ತೆರಬೇಕಾದವರು ಊರ ಜನ; ಕೇಳುವವರಿಗಿಂತ ಬಡವರಾದವರು ಅವರಲ್ಲಿ ಬೇಕಾದಷ್ಟು ಮಂದಿ ಇರುತ್ತಾರೆ. ಹೀಗಿರುವಾಗ ಸೇವಕರ ಬೇಡಿಕೆಗೂ ಸೇವೆ ಪಡೆಯುವವರ ಅಗತ್ಯಕ್ಕೂ ಹೊಂದಿಕೆ ಹೇಗೆ? ಈ ತೊಡಕನ್ನು ಪುಸ್ತಕದಲ್ಲಿ ಬಿಡಿಸಿದವರು ಹಲವರು. ಬಾಳಿನಲ್ಲಿ ಬಿಡಿಸಲು ಹೊರಟವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವಳು ಅಮೆರಿಕದ ಚಿಕಾಗೋ ನಗರದ ಒಬ್ಬ ಪ್ರಾಥಮಿಕ ಶಾಲಾಶಿಕ್ಷಕಿ, ಮಾರ್ಗರೆಟ್ ಹೇಲಿ.

ಶಿಕ್ಷಣದ ಇತಿಹಾಸವನ್ನು ಓದುವ ನಮ್ಮ ವಿದ್ಯಾರ್ಥಿಗಳಿಗೆ ಅದೇ ಊರಿನಲ್ಲಿ ಅದೇ ಕಾಲದಲ್ಲಿದ್ದ ಜಾನ್ ಡ್ಯೂಯಿ ಗೊತ್ತು, ಡಾ. ಅಂಬೇಡ್ಕರರಿಗೆ ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರೆಂದು ಅವರ ಹೆಸರು ನಮಗೆ ಇನ್ನಷ್ಟು ಹತ್ತಿರದ್ದು. ಸಮಾಜಸೇವೆಯ ಮಾತು ಬಂದಾಗ ಜೇನ್ ಆಡಮ್ಸ್‌ಳ ಹೆಸರೂ ಬರುತ್ತದೆ. ತನ್ನ ನಾಡಿನಲ್ಲಿ ಅವರಷ್ಟೇ ಸುದ್ದಿಯಲ್ಲಿದ್ದ ಹೇಲಿಯ ಹೆಸರು ಮಾತ್ರ ನಮ್ಮಲ್ಲಿ ಅಪರೂಪ. ಅಧ್ಯಾಪಕ ವೃತ್ತಿಯಲ್ಲಿಯೇ ಇರುವ ನನಗೆ ಈಕೆಯ ಚರಿತ್ರೆ ಕೇವಲ ದೂರದ ದೇಶದ ಸಂಗತಿಯಾಗಿ ಕಾಣಲಿಲ್ಲ. ಅದನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ಹೇಲಿ ಹುಟ್ಟಿದ್ದು ೧೮೬೧ರ ನವೆಂಬರಿನಲ್ಲಿ, ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ. ಗುಲಾಮಗಿರಿಯ ಪ್ರಶ್ನೆಯ ಮೇಲೆ ಅಮೆರಿಕ ಇಬ್ಭಾಗವಾಗಿ ಅಂತರ್ಯುದ್ಧ ಹೊತ್ತಿಕೊಂಡ ವರ್ಷ ಅದು. ಮನೆತನ ಐರಿಷ್ ಮೂಲದ್ದು, ಕ್ಯಾಥೊಲಿಕ್ ಮತದ್ದು. ಐರ್ಲೆಂಡಿನ ಗೇಣಿದಾರರ ಕಷ್ಟ, ಜಮೀನುದಾರರ ದರ್ಪ, ಕಾರ್ಮಿಕರ ಸಂಘಟನೆ ಇವು ಆ ಮನೆಯಲ್ಲಿ ದಿನನಿತ್ಯದ ಮಾತುಗಳು. ತಂದೆಯ ಬಗೆಗೆ ಆಕೆ ಬರೆದಿಟ್ಟಿರುವ ಒಂದು ಪ್ರಸಂಗ ಹೇಳತಕ್ಕದ್ದು. ಒಮ್ಮೆ ಆತ ಮಕ್ಕಳೊಡನೆ ಒಂದು ಉಪನ್ಯಾಸಕ್ಕೆ ಹೋಗಿದ್ದ. ಭಾಷಣಕಾರನು ಸ್ತ್ರೀಯರ ಮತಾಧಿಕಾರಕ್ಕಾಗಿ ಹೋರಾಡುತ್ತಿದ್ದ ಸೂಸನ್ ಆಂಟನಿಯನ್ನು ಕುರಿತು ಕುಚೋದ್ಯ ಮಾಡತೊಡಗಿದನು. ತಂದೆ ಎದ್ದು ಮಕ್ಕಳ ಕೈಹಿಡಿದು ಸಭೆಯ ನಡುವೆಯೇ ಹೊರನಡೆದನು. ಯಾವ ವಾಗ್ವಾದವೂ ಇಲ್ಲ. ಅಷ್ಟು ಸಾಲದೆ, ಒಂದು ಎಳೆಯ ಮನಸ್ಸಿನಲ್ಲಿ ಪಾಠವೊಂದು ಊರಿಬಿಡುವುದಕ್ಕೆ?

ಮನೆಯ ಸ್ಥಿತಿ ಇಳಿಮುಖವಾದಾಗ ಹುಡುಗಿಗೆ ೧೬ ವರ್ಷ. ಓದು ನಿಂತಿತು; ಹಳ್ಳಿಯ ಶಾಲೆಯೊಂದರಲ್ಲಿ ಪಾಠ ಹೇಳುವ ಕೆಲಸ ಹಿಡಿದಳು. ಆ ದಿನಗಳಲ್ಲಿ ದುಡಿಯಬೇಕಾದ ಹೆಣ್ಣಿಗೆ ತೆರೆದಿದ್ದ ಗೌರವದ ಬಾಗಿಲು ಅದೊಂದೇ ಎನ್ನಬೇಕು. ಮುಂದೆ ಶಿಕ್ಷಕರ ತರಬೇತಿ ಪಡೆಯುವ ಕಾಲದಲ್ಲಿ ಹೆನ್ರಿ ಜಾರ್ಜ್ ೧೮೭೯ರಲ್ಲಿ ಪ್ರಕಟಿಸಿದ ಪ್ರೋಗ್ರೆಸ್ ಅಂಡ್ ಪಾವರ್ಟಿ ಎಂಬ ಗ್ರಂಥದ ಪರಿಚಯವಾಯಿತು. ಸಂಪತ್ತು ಬೆಳೆದಂತೆಲ್ಲ ಬಡತನವೂ ಏಕೆ ಬೆಳೆಯುತ್ತದೆ ಎಂದು ಕೇಳಿ, ಊರಿನ ಬೆಳವಣಿಗೆಯಿಂದ ನೆಲಕ್ಕೆ ಬರುವ ಬೆಲೆ ಊರಿಗೇ ಸಲ್ಲಬೇಕೆಂದು ವಾದಿಸಿದ ಪುಸ್ತಕ ಅದು. ಟಾಲ್‌ಸ್ಟಾಯ್ ಮೆಚ್ಚಿದ ಪುಸ್ತಕ. ಹೇಲಿ ಮುಂದೆ ಕೈಗೊಂಡ ಹೋರಾಟಗಳ ಬೀಜ ಇಲ್ಲಿ ಬಿದ್ದಿತೆಂದರೆ ತಪ್ಪಾಗಲಾರದು. ಅನಂತರ ಮಗುವಿನ ಕುತೂಹಲವೇ ಪಾಠದ ಮೂಲವೆಂದು ಸಾರಿದ ಫ್ರಾನ್ಸಿಸ್ ಪಾರ್ಕರ್ ನಡೆಸುತ್ತಿದ್ದ ತರಬೇತಿ ಶಾಲೆಯಲ್ಲಿ ಕಲಿತು ಚಿಕಾಗೋ ಸೇರಿದಳು.

ಅಲ್ಲಿ ಆಕೆಗೆ ಸಿಕ್ಕಿದ್ದು ಕಸಾಯಿಖಾನೆಗಳ ಪ್ರದೇಶದಲ್ಲಿದ್ದ ಹೆಂಡ್ರಿಕ್ಸ್ ಶಾಲೆಯ ೬ನೆಯ ತರಗತಿ. ಅಪ್ಟನ್ ಸಿಂಕ್ಲೇರ್ ೧೯೦೬ರಲ್ಲಿ ಪ್ರಕಟಿಸಿದ ದಿ ಜಂಗಲ್ ಕಾದಂಬರಿಯನ್ನು ಓದಿದವರಿಗೆ ಆ ಕೇರಿಯ ವಾಸನೆಯನ್ನು ನಾನು ವರ್ಣಿಸಬೇಕಾಗಿಲ್ಲ. ದನಗಳ ದೊಡ್ಡಿಗಳು, ಮಾಂಸದ ಕಾರ್ಖಾನೆಗಳು, ಅವುಗಳ ಹೊಗೆಯಡಿಯಲ್ಲಿ ಯೂರೋಪಿನ ನಾನಾ ದೇಶಗಳಿಂದ ಬಂದು ತುಂಬಿಕೊಂಡ ಕೂಲಿಕಾರರು. ಒಂದೊಂದು ಕೊಠಡಿಯಲ್ಲಿ ೫೦, ೬೦ ಮಕ್ಕಳು. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು. ಅವರಲ್ಲಿ ಬಹುಮಂದಿಗೆ ಈ ತರಗತಿಯ ಆಚೆಗೆ ಓದಿಲ್ಲ, ಮುಂದಿನದು ಕಾರ್ಖಾನೆಯೇ. ಆ ಮಕ್ಕಳ ಬಾಳಿನಲ್ಲಿ ಶಿಕ್ಷಕಿ ಕಡೆಯ ಗುರು ಎಂಬುದನ್ನು ನೆನೆದರೆ ಆಕೆಯ ಹೊಣೆ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ. ಇಂಥ ತರಗತಿಯಲ್ಲಿ ಆಕೆ ಕಳೆದದ್ದು ಸುಮಾರು ೧೬ ವರ್ಷ. ಆಕೆಯನ್ನು ಬರಿಯ ಸಂಘಟನೆಯ ನಾಯಕಿಯೆಂದು ತಿಳಿಯುವವರು ಈ ೧೬ ವರ್ಷಗಳನ್ನು ಮರೆಯಬಾರದು.

೧೮೯೭ರಲ್ಲಿ ಕ್ಯಾಥರೀನ್ ಗಾಗಿನ್ ಮೊದಲಾದವರು ಚಿಕಾಗೋ ಶಿಕ್ಷಕರ ಒಕ್ಕೂಟವನ್ನು ಸ್ಥಾಪಿಸಿದರು. ಪ್ರಾಥಮಿಕ ಶಾಲೆಗಳವರ ಸಂಘ ಅದು. ಎಂದರೆ ಹೆಚ್ಚುಕಡಮೆ ಹೆಂಗಸರ ಸಂಘ. ಅವರನ್ನು ಒಟ್ಟುಗೂಡಿಸಿದ ಕಾರಣಗಳು ಎರಡು. ೧೮೯೫ರಲ್ಲಿ ದೊರೆತಿದ್ದ ನಿವೃತ್ತಿ ವೇತನದ ಕಾನೂನನ್ನು ಉಳಿಸಿಕೊಳ್ಳಬೇಕಾಗಿತ್ತು; ಸಂಬಳವನ್ನು ಏರಿಸಿಕೊಳ್ಳಬೇಕಾಗಿತ್ತು. ಪ್ರಾಥಮಿಕ ಶಿಕ್ಷಕಿಯ ಗರಿಷ್ಠ ಸಂಬಳ ವರ್ಷಕ್ಕೆ ೮೨೫ ಡಾಲರೆಂದು ೧೮೭೭ರಲ್ಲಿ ಗೊತ್ತಾದದ್ದು ೨೦ ವರ್ಷ ಕಳೆದರೂ ಅಲುಗಿರಲಿಲ್ಲ. ಒಕ್ಕೂಟದ ಒತ್ತಾಯಕ್ಕೆ ಮಣಿದು ಶಾಲಾ ಮಂಡಳಿ ೧೮೯೮ರಲ್ಲಿ ಹಂತಹಂತವಾದ ಏರಿಕೆಯ ಮಾತು ಕೊಟ್ಟಿತು. ಸ್ವಲ್ಪವೇ ಕಾಲದಲ್ಲಿ ಹಣವಿಲ್ಲವೆಂದು ಆ ಮಾತನ್ನು ಹಿಂತೆಗೆದುಕೊಂಡಿತು.

ಈ ಹಂತದಲ್ಲಿ ಸಂಘವೊಂದು ಸಾಮಾನ್ಯವಾಗಿ ಏನು ಮಾಡುತ್ತದೆ? ಮನವಿ ಕೊಡುತ್ತದೆ, ಖಂಡನೆಯ ಗೊತ್ತುವಳಿ ಮಾಡುತ್ತದೆ, ಬಹಳವಾದರೆ ಮೆರವಣಿಗೆ ಹೊರಡಿಸುತ್ತದೆ. ಒಂದು ವರ್ಷ ಹಿಂದೆ ಒಕ್ಕೂಟ ಸೇರಿದ್ದ ಹೇಲಿ ಬೇರೊಂದು ಪ್ರಶ್ನೆ ಹಾಕಿಕೊಂಡಳು. ಹಣವಿಲ್ಲವೆಂಬುದು ನಿಜವಿರಬಹುದು, ಏಕಿಲ್ಲ? ದೇಶದ ಎರಡನೆಯ ದೊಡ್ಡ ನಗರ, ದಿನೇ ದಿನೇ ಸಂಪತ್ತು ಬೆಳೆಯುತ್ತಿರುವ ನಗರ ತನ್ನ ಮಕ್ಕಳ ಶಾಲೆಗೆ ದರಿದ್ರವಾದದ್ದು ಹೇಗೆ? ಈ ಪ್ರಶ್ನೆಯ ಜಾಡು ಹಿಡಿದು ಆಕೆ ತೆರಿಗೆಯ ಕಡತಗಳ ಬಳಿಗೆ ಬಂದಳು. ೧೯೦೦ರಲ್ಲಿ ತರಗತಿಯಿಂದ ಬಿಡುವು ಪಡೆದು ಗಾಗಿನ್‌ಳೊಡನೆ ಇದೇ ಕೆಲಸಕ್ಕೆ ನಿಂತಳು. ಮತ್ತೆ ಆಕೆ ತರಗತಿಗೆ ಹಿಂದಿರುಗಲಿಲ್ಲ. ಸಾಯುವವರೆಗೆ ಒಕ್ಕೂಟದ ಕಾರ್ಯಕರ್ತೆಯಾಗಿಯೇ ಉಳಿದಳು.

ಕಡತಗಳಲ್ಲಿ ಕಂಡದ್ದು ಇಷ್ಟು. ಚಿಕಾಗೋದ ಬೀದಿಗಳಲ್ಲಿ ಟ್ರಾಮ್ ಓಡಿಸುವ, ನೆಲದಡಿಯಲ್ಲಿ ಗ್ಯಾಸ್ ಕೊಳವೆ ಹಾಯಿಸುವ, ವಿದ್ಯುತ್ತಿನ ಮತ್ತು ಟೆಲಿಫೋನಿನ ತಂತಿ ಎಳೆಯುವ ಹಕ್ಕನ್ನು ನಗರವು ಸನ್ನದುಗಳ ಮೂಲಕ ಖಾಸಗಿ ಕಂಪನಿಗಳಿಗೆ ಕೊಟ್ಟಿತ್ತು. ಬೀದಿ ಊರಿನದು, ಅದನ್ನು ಬಳಸುವ ಹಕ್ಕಿನ ಲಾಭ ಕಂಪನಿಯದು. ಷೇರುಪೇಟೆಯಲ್ಲಿ ಈ ಕಂಪನಿಗಳ ಬೆಲೆ ಕೋಟ್ಯಂತರ ಡಾಲರು. ಆ ಬೆಲೆಯ ಬಹುಭಾಗ ಹಳಿಯಲ್ಲಾಗಲಿ ಕಟ್ಟಡದಲ್ಲಾಗಲಿ ಇರಲಿಲ್ಲ, ಸನ್ನದಿನಲ್ಲಿತ್ತು. ರಾಜ್ಯದ ಕಾನೂನಿನಂತೆ ಸನ್ನದಿನ ಬೆಲೆಗೂ ತೆರಿಗೆ ಸಲ್ಲಬೇಕು. ಆ ಬೆಲೆಯನ್ನು ಕಟ್ಟಬೇಕಾದದ್ದು ರಾಜ್ಯದ ತೆರಿಗೆ ಸಮೀಕರಣ ಮಂಡಳಿ. ಮಂಡಳಿ ಅದನ್ನು ಕಟ್ಟದೆ ಬಿಟ್ಟಿತ್ತು. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಪುಟ್ಟ ಮನೆಯ ಒಡೆಯನಾದ ಕೂಲಿಕಾರನು ಮನೆಗೆ ತೆರಿಗೆ ತೆರುತ್ತಿದ್ದ. ಊರ ಬೀದಿಗಳನ್ನೆಲ್ಲ ಹಿಡಿದ ಕಂಪನಿ ತನ್ನ ಸಿರಿಯ ದೊಡ್ಡ ಪಾಲಿಗೆ ತೆರುತ್ತಿರಲಿಲ್ಲ.

ಶಿಕ್ಷಕಿಯರು ಲೆಕ್ಕ ಕಲಿಸುವವರು; ಈ ಲೆಕ್ಕವನ್ನು ಊರಿಗೆ ಕಲಿಸತೊಡಗಿದರು. ಸಭೆಗಳು ನಡೆದವು, ಅಂಕಿಅಂಶಗಳು ಜನರ ಮುಂದೆ ಬಂದವು. ಸಮೀಕರಣ ಮಂಡಳಿಯ ಮುಂದೆ ಹೋದಾಗ ಅದು ಕಿವಿಗೊಡಲಿಲ್ಲ. ಕರ್ತವ್ಯ ಮಾಡುವಂತೆ ಮಂಡಳಿಗೆ ಆಜ್ಞೆ ಮಾಡಬೇಕೆಂದು ಒಕ್ಕೂಟ ನ್ಯಾಯಾಲಯಕ್ಕೆ ಹೋಯಿತು. ಐಸಯಾ ಗ್ರೀನೇಕರ್ ಎಂಬಾತ ಅವರ ವಕೀಲ. ಕೆಳಗಿನ ನ್ಯಾಯಾಲಯದಲ್ಲಿ ಗೆಲುವಾಯಿತು. ೧೯೦೧ರಲ್ಲಿ ಇಲಿನಾಯ್ ಸರ್ವೋಚ್ಚ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು. ಕಂಪನಿಗಳು ಸುಮ್ಮನಿರಲಿಲ್ಲ, ಕೇಂದ್ರದ ನ್ಯಾಯಾಲಯಕ್ಕೆ ಓಡಿ ಮೊಬಲಗನ್ನು ಬಹಳ ಇಳಿಸಿಕೊಂಡವು. ಆದರೂ ಸುಮಾರು ೬ ಲಕ್ಷ ಡಾಲರನ್ನು ತೆರಬೇಕಾಯಿತು. ಅದರಲ್ಲಿ ಶಾಲೆಗಳ ಪಾಲು ಸುಮಾರು ೨.೫ ಲಕ್ಷ. ಮತಾಧಿಕಾರವಿಲ್ಲದ ಹೆಂಗಸರು ರಾಜ್ಯದ ಬಲಿಷ್ಠ ಕಂಪನಿಗಳ ಕೈಯಿಂದ ಸಾರ್ವಜನಿಕರ ಹಣವನ್ನು ಬಿಡಿಸಿ ತಂದ ಈ ಸುದ್ದಿ ದೇಶದಲ್ಲೆಲ್ಲ ಹರಡಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದು ಒಂದು ಸುಂದರವಾದ ನೀತಿಕಥೆಯಾಗುತ್ತಿತ್ತು. ಆದರೆ ಮೊದಲು ಎತ್ತಿದ ಪ್ರಶ್ನೆ ತನ್ನ ಪೂರ್ಣ ಬಲದಿಂದ ಎದುರಾದದ್ದು ಈ ಗೆಲುವಿನ ಮೇಲೆಯೇ. ಬಂದ ಹಣವನ್ನು ಶಾಲಾ ಮಂಡಳಿಯು ಸಂಬಳಕ್ಕೆ ಕೊಡಲಿಲ್ಲ. ಕಲ್ಲಿದ್ದಲಿನ ಬಾಕಿಗೆ, ಕಟ್ಟಡಗಳ ದುರಸ್ತಿಗೆ ಹಾಕುವುದೆಂದು ಗೊತ್ತುಮಾಡಿತು. ಚಿಕಾಗೋದ ಚಳಿಗಾಲದಲ್ಲಿ ಕಲ್ಲಿದ್ದಲಿಲ್ಲದೆ ಶಾಲೆ ನಡೆಯುವುದೆಂತು? ಮಕ್ಕಳು ನಡುಗುತ್ತಿರುವಾಗ ಶಿಕ್ಷಕಿ ಸಂಬಳದ ಬಾಕಿ ಕೇಳುವುದು ಸರಿಯೇ? ಒಕ್ಕೂಟ ಮತ್ತೆ ನ್ಯಾಯಾಲಯಕ್ಕೆ ಹೋದಾಗ ವಿರೋಧಿಗಳು ಇದನ್ನು ಕೇಳದಿರುವ ಸಂಭವವೇ ಇರಲಿಲ್ಲ. ಹೇಲಿಯ ನಿಲುವನ್ನು ನಾನು ತಿಳಿದುಕೊಂಡಿರುವುದು ಹೀಗೆ: ಕಲ್ಲಿದ್ದಲು ಒಂದು ಕಡೆ, ಶಿಕ್ಷಕಿ ಇನ್ನೊಂದು ಕಡೆ ಎಂದು ತಕ್ಕಡಿ ಹಿಡಿಯುವುದೇ ಮೋಸ, ತೆರಿಗೆ ಕದ್ದವರನ್ನು ತಕ್ಕಡಿಯಿಂದ ಹೊರಗಿಟ್ಟಾಗ ಮಾತ್ರ ಇಂಥ ತೂಕ ಬೇಕಾಗುತ್ತದೆ. ಕೊಟ್ಟ ಮಾತನ್ನು ಮಂಡಳಿ ನಡೆಸಬೇಕು. ಕಲ್ಲಿದ್ದಲಿಗೆ ಹಣ ಸಾಲದಿದ್ದರೆ ಇನ್ನೂ ವಸೂಲಾಗದ ತೆರಿಗೆಯನ್ನು ಕೇಳಲು ಅದೂ ಹೊರಡಬೇಕು. ೧೯೦೪ರಲ್ಲಿ ನ್ಯಾಯಾಧೀಶ ಎಡ್ವರ್ಡ್ ಡನ್ ಶಿಕ್ಷಕಿಯರ ಪರವಾಗಿ ತೀರ್ಪಿತ್ತನು. ವಾದ ಸಂಪೂರ್ಣ ನಿರ್ದುಷ್ಟವೆಂದು ನಾನು ಹೇಳಲಾರೆ; ಚಳಿ ತೆರಿಗೆಯ ವಸೂಲಿಗಾಗಿ ಕಾಯುವುದಿಲ್ಲ. ಆದರೆ ಬಡ ಮಗುವನ್ನೂ ಬಡ ಶಿಕ್ಷಕಿಯನ್ನೂ ಎದುರುಬದುರು ನಿಲ್ಲಿಸಿ, ಮೂರನೆಯವನು ನೆರಳಿನಲ್ಲಿ ಜಾರಿಕೊಳ್ಳುವ ಉಪಾಯವನ್ನು ಅಷ್ಟು ಸ್ಪಷ್ಟವಾಗಿ ಬಯಲಿಗೆಳೆದವರು ಆಕೆಗಿಂತ ಮುಂಚೆ ವಿರಳ.

ಈ ಅನುಭವ ಆಕೆಯನ್ನು ಇನ್ನೊಂದು ಆಸ್ತಿಯ ಕಡೆಗೆ ತಿರುಗಿಸಿತು. ಅಮೆರಿಕದ ೧೭೮೫ರ ಭೂ ಶಾಸನದ ಪ್ರಕಾರ ಪ್ರತಿಯೊಂದು ಟೌನ್‌ಷಿಪ್ಪಿನ ೧೬ನೆಯ ಭಾಗ ಶಾಲೆಗಳಿಗೆ ಮೀಸಲು. ಚಿಕಾಗೋದ ಆ ಭಾಗ ಮುಂದೆ ನಗರದ ನಟ್ಟನಡುವಿನ ವ್ಯಾಪಾರಸ್ಥಳವಾಯಿತು. ಆದರೆ ೧೮೩೩ರಲ್ಲಿಯೇ ಅದರ ಬಹುಪಾಲನ್ನು ೪೦ ಸಾವಿರ ಡಾಲರಿಗೂ ಕಡಿಮೆಗೆ ಮಾರಿಬಿಟ್ಟಿದ್ದರು. ಉಳಿದ ಚೂರುಗಳಲ್ಲಿ ಒಂದನ್ನು ಗೇಣಿಗೆ ಪಡೆದಿದ್ದದ್ದು ಚಿಕಾಗೋ ಟ್ರಿಬ್ಯೂನ್ ಪತ್ರಿಕೆ. ಕಾಲಕಾಲಕ್ಕೆ ಬೆಲೆಯನ್ನು ಹೊಸದಾಗಿ ಕಟ್ಟಬೇಕೆಂಬ ಷರತ್ತನ್ನು ೧೮೯೫ರಲ್ಲಿ ಆ ಗೇಣಿಪತ್ರದಿಂದ ತೆಗೆದುಹಾಕಲಾಯಿತು. ಆಗ ಶಾಲಾ ಮಂಡಳಿಯ ಅಧ್ಯಕ್ಷನಾಗಿದ್ದವನು ಅದೇ ಪತ್ರಿಕೆಯ ವಕೀಲನೂ ಆಗಿದ್ದನು. ಶಿಕ್ಷಕಿಯರ ಪರ ತೀರ್ಪಿತ್ತಿದ್ದ ಡನ್ ೧೯೦೫ರಲ್ಲಿ ಮೇಯರಾಗಿ ಜೇನ್ ಆಡಮ್ಸ್ ಮೊದಲಾದವರನ್ನು ಶಾಲಾ ಮಂಡಳಿಗೆ ನೇಮಿಸಿದಾಗ, ಆ ಮಂಡಳಿ ಗೇಣಿಯನ್ನು ರದ್ದುಮಾಡಿಸಲು ದಾವೆ ಹೂಡಿತು, ಸೋತಿತು. ಸೋತರೂ ವಿಷಯ ಊರಿಗೆಲ್ಲ ತಿಳಿಯಿತು. ಆ ಪತ್ರಿಕೆ ಹೇಲಿಯನ್ನು ಎಂದೂ ಕ್ಷಮಿಸಲಿಲ್ಲವೆಂಬುದರಲ್ಲಿ ಆಶ್ಚರ್ಯವಿಲ್ಲ.

ತೆರಿಗೆಯ ಹೋರಾಟದ ನಡುವೆಯೇ, ೧೯೦೨ರಲ್ಲಿ, ಒಕ್ಕೂಟವು ಇನ್ನೊಂದು ಹೆಜ್ಜೆ ಇಟ್ಟಿತು. ಗಾಡಿ ಹೊಡೆಯುವವರು, ಮಾಂಸದ ಕಾರ್ಖಾನೆಯವರು, ಇಟ್ಟಿಗೆ ಕಟ್ಟುವವರು ಸೇರಿದ್ದ ಚಿಕಾಗೋ ಕಾರ್ಮಿಕ ಒಕ್ಕೂಟದೊಡನೆ ಶಿಕ್ಷಕಿಯರ ಸಂಘ ಸೇರಿಕೊಂಡಿತು. ಮೇಲ್ಜಾತಿಯ ಪಂಡಿತರು ಕೂಲಿಕಾರರ ಪಂಕ್ತಿಯಲ್ಲಿ ಕುಳಿತರೆ ನಮ್ಮ ಊರುಗಳಲ್ಲಿ ಏಳಬಹುದಾಗಿದ್ದ ಗದ್ದಲವನ್ನು ಊಹಿಸಿಕೊಂಡರೆ ಆಗ ಎದ್ದ ಗದ್ದಲದ ಕಲ್ಪನೆ ವಾಚಕರಿಗೆ ಬಂದೀತು. ವಿದ್ಯಾವಂತೆಯರಾದ ಹೆಂಗಸರಿಗೆ ಇದು ಭೂಷಣವೇ ಎಂದು ಪತ್ರಿಕೆಗಳು ಕೇಳಿದವು. ಹೇಲಿಯ ಲೆಕ್ಕ ಸರಳವಾಗಿತ್ತು. ಶಿಕ್ಷಕಿಯರಿಗೆ ಮತವಿಲ್ಲ, ಕಾರ್ಮಿಕರಿಗೆ ಇದೆ. ಶಿಕ್ಷಕಿಯರು ಪಾಠ ಹೇಳುವುದು ಆ ಕಾರ್ಮಿಕರ ಮಕ್ಕಳಿಗೆ. ಶಾಲೆ ಕೆಟ್ಟರೆ ಬೇರೆ ಶಾಲೆಗೆ ಕಳುಹಿಸುವ ಶಕ್ತಿ ಶ್ರೀಮಂತನಿಗೆ ಇದೆ, ಇವರಿಗೆ ಇಲ್ಲ. ಹಾಗಾದರೆ ಶಾಲೆಯ ಗೆಳೆಯರು ಯಾರು? ಇಲ್ಲಿಂದ ಮುಂದೆ ಬಾಲಕಾರ್ಮಿಕರ ರಕ್ಷಣೆಯ ಕಾನೂನು, ಟ್ರಾಮ್ ಸಾರಿಗೆ ನಗರದ ಒಡೆತನಕ್ಕೆ ಬರಬೇಕೆಂಬ ಚಳವಳಿ, ಸ್ತ್ರೀಯರ ಮತಾಧಿಕಾರ ಎಲ್ಲದರಲ್ಲಿಯೂ ಒಕ್ಕೂಟ ಕಾಣಿಸಿಕೊಂಡಿತು. ಸಂಬಳಕ್ಕೆಂದು ಹೊರಟ ಸಂಘ ಊರಿನ ಪಂಚಾಯಿತಿಕೆಗೆ ಬಂದು ಕುಳಿತಿತು.

ಉಪಾಧ್ಯಾಯರ ಲೋಕದಲ್ಲಿಯೇ ಆಕೆ ಎದುರಿಸಬೇಕಾದ ಗೋಡೆಗಳೂ ಕಡಿಮೆಯಿರಲಿಲ್ಲ. ರಾಷ್ಟ್ರೀಯ ಶಿಕ್ಷಣ ಸಂಘದಲ್ಲಿ ಸದಸ್ಯರಾಗಿ ಹಣ ತೆತ್ತು ಸಭೆ ತುಂಬುವವರು ಶಿಕ್ಷಕಿಯರು. ವೇದಿಕೆಯ ಮೇಲೆ ಕುಳಿತು ಮಾತಾಡುವವರು ಅಧೀಕ್ಷಕರು, ವಿಶ್ವವಿದ್ಯಾಲಯಗಳ ಅಧ್ಯಕ್ಷರು. ೧೯೦೧ರಲ್ಲಿ ಡೆಟ್ರಾಯಿಟ್ ಅಧಿವೇಶನದಲ್ಲಿ ಹೇಲಿ ಸಭೆಯ ನಡುವಿನಿಂದ ಎದ್ದು ನಿಂತು, ಕೋಟ್ಯಧೀಶರ ದಾನವನ್ನು ಹೊಗಳುತ್ತಿದ್ದ ದೊಡ್ಡವರಿಗೆ ತೆರಿಗೆಯ ಕಥೆಯನ್ನು ನೆನಪಿಸಿದಳು. ತೆರಿಗೆಯನ್ನು ನ್ಯಾಯವಾಗಿ ತೆತ್ತರೆ ಶಾಲೆಗೆ ದಾನ ಏಕೆ ಬೇಕು ಎಂಬುದು ಆಕೆಯ ವಾದದ ತಿರುಳು. ೧೯೦೪ರಲ್ಲಿ ಸೇಂಟ್ ಲೂಯಿಯ ಅಧಿವೇಶನದಲ್ಲಿ ಶಿಕ್ಷಕರು ಏಕೆ ಸಂಘಟಿತರಾಗಬೇಕೆಂಬ ವಿಷಯವನ್ನು ಕುರಿತು ಮಾಡಿದ ಭಾಷಣ ಆಕೆಯ ಬಾಳಿನ ಮುಖ್ಯ ಭಾಷಣ. ಸಾಲದ ಸಂಬಳ, ಭದ್ರತೆಯಿಲ್ಲದ ಕೆಲಸ, ಕಿಕ್ಕಿರಿದ ತರಗತಿ, ಶಿಕ್ಷಕರ ಬುದ್ಧಿಗೆ ಬೆಲೆಯಿಲ್ಲದಿರುವುದು ಇವು ನಾಲ್ಕನ್ನೂ ಆಕೆ ಒಂದೇ ರೋಗದ ಲಕ್ಷಣಗಳೆಂದು ತೋರಿಸಿದಳು. ಮೇಲಿನವನು ಯೋಚಿಸುವುದು, ಕೆಳಗಿನವಳು ಹೇಳಿದಂತೆ ಮಾಡುವುದು ಎಂಬ ಕಾರ್ಖಾನೆಯ ಕ್ರಮ ಶಾಲೆಗೆ ನುಗ್ಗಿದರೆ, ತಾನೇ ಯೋಚಿಸಲು ಹಕ್ಕಿಲ್ಲದ ಶಿಕ್ಷಕಿ ಮಕ್ಕಳಿಗೆ ಯೋಚಿಸುವುದನ್ನು ಹೇಗೆ ಕಲಿಸಿಯಾಳು? ಪ್ರಜಾಪ್ರಭುತ್ವದ ಪ್ರಜೆಯನ್ನು ಅಪ್ಪಣೆಯ ಶಾಲೆಯಲ್ಲಿ ಬೆಳೆಸುವುದು ಹೇಗೆ? ಈ ಪ್ರಶ್ನೆ ನನ್ನಂಥ ಅಧ್ಯಾಪಕರನ್ನು ಇಂದೂ ಕಾಡಬೇಕಾದದ್ದು.

ಇದಕ್ಕೆ ಉತ್ತರವೆಂಬಂತೆ ಕೆಲವು ಒಳ್ಳೆಯ ವರ್ಷಗಳು ಬಂದವು. ಡ್ಯೂಯಿಯವರ ಸಹೋದ್ಯೋಗಿಯಾಗಿದ್ದ ಎಲ್ಲಾ ಫ್ಲ್ಯಾಗ್ ಯಂಗ್ ೧೯೦೯ರಲ್ಲಿ ಚಿಕಾಗೋ ಶಾಲೆಗಳ ಅಧೀಕ್ಷಕಿಯಾದಳು. ಅಮೆರಿಕದ ದೊಡ್ಡ ನಗರವೊಂದರಲ್ಲಿ ಆ ಪದವಿಗೇರಿದ ಮೊದಲ ಮಹಿಳೆ ಆಕೆ. ಮರುವರ್ಷ ಹೇಲಿ ಮತ್ತು ಸಂಗಡಿಗರ ಓಡಾಟದಿಂದ ರಾಷ್ಟ್ರೀಯ ಶಿಕ್ಷಣ ಸಂಘಕ್ಕೂ ಮೊದಲ ಮಹಿಳಾ ಅಧ್ಯಕ್ಷೆಯಾದಳು. ೧೯೧೩ರಲ್ಲಿ ಇಲಿನಾಯ್ ಸ್ತ್ರೀಯರಿಗೆ ಅಧ್ಯಕ್ಷ ಚುನಾವಣೆಯಲ್ಲಿಯೂ ನಗರದ ಚುನಾವಣೆಗಳಲ್ಲಿಯೂ ಮತದ ಹಕ್ಕು ದೊರೆಯಿತು.

ಅದೇ ವರ್ಷ ಬಂದ ಕೂಲಿ ಮಸೂದೆ ಎಂಬುದರ ವಿರುದ್ಧ ನಡೆದ ಹೋರಾಟವನ್ನು ನಾನು ತೆರಿಗೆಯ ಹೋರಾಟದಷ್ಟೇ ದೊಡ್ಡದೆಂದು ಎಣಿಸುತ್ತೇನೆ. ಹೆಸರು ಕೇಳಿ ನಗಬೇಕಾಗಿಲ್ಲ. ಎಡ್ವಿನ್ ಕೂಲಿ ಎಂಬ ಹಿಂದಿನ ಅಧೀಕ್ಷಕನ ಸಲಹೆಯಿಂದ ಬಂದದ್ದರಿಂದ ಆ ಹೆಸರು. ಕೈಕಸುಬು ಕಲಿಯುವ ಮಕ್ಕಳಿಗೆ ಬೇರೆಯೇ ಶಾಲೆ, ಬೇರೆಯೇ ಆಡಳಿತ ಮಂಡಳಿ ಇರಬೇಕೆಂಬುದು ಅದರ ಆಶಯ. ಮೇಲುನೋಟಕ್ಕೆ ಬಡವರಿಗೆ ಉಪಕಾರವೇ. ಆದರೆ ೧೪ ವರ್ಷದ ಮಗುವಿನ ಮುಂದೆ ಎರಡು ಬಾಗಿಲಿಟ್ಟರೆ ಕಸಾಯಿಖಾನೆಯ ಕೇರಿಯ ಹುಡುಗ ಯಾವ ಬಾಗಿಲಿನಲ್ಲಿ ನುಗ್ಗಬೇಕಾಗುವುದೆಂಬುದು ಆ ಕೇರಿಯಲ್ಲಿ ೧೬ ವರ್ಷ ಕಳೆದವಳಿಗೆ ತಿಳಿಯದೆ? ತಂದೆಯ ವೃತ್ತಿಯೇ ಮಗನ ವಿಧಿಯಾಗುವುದೇನೆಂಬುದನ್ನು ನಮ್ಮ ದೇಶದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಸುಬು ಕಲಿಸುವುದಾದರೆ ಎಲ್ಲರ ಶಾಲೆಯಲ್ಲಿಯೇ ಕಲಿಸಲಿ ಎಂದು ಶಿಕ್ಷಕಿಯರೂ ಕಾರ್ಮಿಕರೂ ಕೂಡಿ ಹಟ ಹಿಡಿದರು. ಡ್ಯೂಯಿಯವರೂ ಇಂಥ ಇಬ್ಬಗೆಯ ಶಾಲೆಯನ್ನು ವಿರೋಧಿಸಿ ಬರೆದರು. ಮಸೂದೆ ೧೯೧೩ರಲ್ಲಿ ಸೋತಿತು, ೧೯೧೫ರಲ್ಲಿ ಮತ್ತೆ ಬಂದು ಮತ್ತೆ ಸೋತಿತು. ಇದರಲ್ಲಿ ಶಿಕ್ಷಕಿಯರ ಸಂಬಳ ಒಂದು ಕಾಸೂ ಏರುವಂತಿರಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಆಮೇಲೆ ಪೆಟ್ಟು ಬಿದ್ದಿತು. ೧೯೧೫ರ ಸೆಪ್ಟೆಂಬರಿನಲ್ಲಿ ಜೇಕಬ್ ಲೋಬ್ ಎಂಬ ಸದಸ್ಯನ ಪ್ರೇರಣೆಯಿಂದ ಶಾಲಾ ಮಂಡಳಿ ಒಂದು ನಿಯಮ ಮಾಡಿತು: ಕಾರ್ಮಿಕ ಸಂಘಗಳೊಡನೆ ಸೇರಿದ ಸಂಘದ ಸದಸ್ಯರಾಗಿರುವ ಶಿಕ್ಷಕರಿಗೆ ಕೆಲಸವಿಲ್ಲ. ೧೯೧೬ರ ಜನವರಿಯಲ್ಲಿ ಗಾಗಿನ್ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತಳು. ಸುಮಾರು ಎರಡು ದಶಕಗಳ ಗೆಳತಿಯನ್ನು, ತನ್ನ ಉಗ್ರತೆಗೆ ಲಗಾಮಾಗಿದ್ದ ವಿವೇಕವನ್ನು ಹೇಲಿ ಕಳೆದುಕೊಂಡಳು. ಅದೇ ವರ್ಷದ ಏಪ್ರಿಲಿನಲ್ಲಿ ಅಮೆರಿಕದ ಶಿಕ್ಷಕರ ರಾಷ್ಟ್ರೀಯ ಕಾರ್ಮಿಕ ಸಂಘಟನೆಯಾದ ಅಮೆರಿಕನ್ ಫೆಡರೇಷನ್ ಆಫ್ ಟೀಚರ್ಸ್ ಹುಟ್ಟಿದಾಗ ಚಿಕಾಗೋ ಒಕ್ಕೂಟವೇ ಅದರ ೧ನೆಯ ಶಾಖೆಯಾಯಿತು. ಜೂನ್ ತಿಂಗಳಲ್ಲಿ ಮಂಡಳಿಯು ೬೮ ಶಿಕ್ಷಕರನ್ನು ಮರುನೇಮಕ ಮಾಡದೆ ಹೊರಹಾಕಿತು; ಅವರಲ್ಲಿ ೩೮ ಮಂದಿ ಒಕ್ಕೂಟದವರು. ಕಾರಣ ಹೇಳದೆಯೇ ನೇಮಕವನ್ನು ನಿರಾಕರಿಸುವ ಹಕ್ಕು ಮಂಡಳಿಗೆ ಇದೆಯೆಂದು ೧೯೧೭ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ೧೯೦೧ರಲ್ಲಿ ಕೈಹಿಡಿದ ನ್ಯಾಯಪೀಠವೇ ಈಗ ಕೈಬಿಟ್ಟಿತು.

ಹೇಲಿಯ ಮುಂದಿದ್ದದ್ದು ಎರಡೇ ದಾರಿ. ಕಾರ್ಮಿಕರೊಡನೆ ಇದ್ದ ನಂಟನ್ನು ಉಳಿಸಿಕೊಂಡು ಸಾವಿರಾರು ಶಿಕ್ಷಕಿಯರ ಅನ್ನವನ್ನು ಪಣಕ್ಕಿಡುವುದು; ಇಲ್ಲವೆ ನಂಟನ್ನು ಕಡಿದುಕೊಂಡು ಅನ್ನವನ್ನು ಉಳಿಸಿಕೊಳ್ಳುವುದು. ಆಕೆ ಎರಡನೆಯದನ್ನು ಆರಿಸಿದಳು. ೧೯೧೭ರಲ್ಲಿ ಒಕ್ಕೂಟವು ಚಿಕಾಗೋದ ಕಾರ್ಮಿಕ ಒಕ್ಕೂಟದಿಂದಲೂ ತಾನೇ ೧ನೆಯ ಶಾಖೆಯಾಗಿದ್ದ ರಾಷ್ಟ್ರೀಯ ಸಂಘಟನೆಯಿಂದಲೂ ಹೊರಬಂದಿತು. ಹೊರಹಾಕಿದವರನ್ನು ಮಂಡಳಿ ಮರಳಿ ಸೇರಿಸಿಕೊಂಡಿತು. ಅದೇ ವರ್ಷದ ಓಟಿಸ್ ಕಾನೂನು ೩ ವರ್ಷದ ಪರೀಕ್ಷಾರ್ಥ ಸೇವೆಯ ಅನಂತರ ಕೆಲಸದ ಭದ್ರತೆಯನ್ನು ಒದಗಿಸಿತು. ಇದನ್ನು ಶರಣಾಗತಿ ಎಂದವರುಂಟು. ಮುತ್ಸದ್ದಿತನ ಎಂದವರೂ ಉಂಟು. ನನಗೆ ತೋರುವಂತೆ ಎರಡೂ ನಿಜ. ಭದ್ರತೆ ದೊರೆತದ್ದು ಸಣ್ಣ ಲಾಭವಲ್ಲ. ಇಂದು ಆ ಭದ್ರತೆಯಲ್ಲಿ ಕುಳಿತಿರುವ ನನ್ನಂಥವರು ಅದನ್ನು ಹಗುರವಾಗಿ ಕಾಣಲಾಗದು. ಆದರೆ ಊರಿನ ಜನರೊಡನೆ ಇದ್ದ ಸೇತುವೆ ಮುರಿದ ಮೇಲೆ ಒಕ್ಕೂಟದ ಧ್ವನಿ ಮೊದಲಿನ ಹಾಗೆ ಮೊಳಗಲಿಲ್ಲ.

ಉಳಿದ ೨೨ ವರ್ಷಗಳನ್ನು ಸಂಕ್ಷೇಪವಾಗಿ ಹೇಳಬಹುದು. ೧೯೨೦ರ ದಶಕದಲ್ಲಿ, ಆಡಳಿತದಲ್ಲಿ ಶಿಕ್ಷಕಿಯರ ಅಭಿಪ್ರಾಯಕ್ಕೆ ಇದ್ದ ಸಲಹಾ ಸಭೆಗಳನ್ನು ಅಡಗಿಸಿದ ಅಧೀಕ್ಷಕ ಮೆಕ್‌ಆಂಡ್ರ್ಯೂನೊಡನೆ ಆಕೆ ಕಾದಾಡಿದಳು. ಗಂಟೆ ಬಾರಿಸಿದಂತೆ ಮಕ್ಕಳ ಗುಂಪುಗಳನ್ನು ಕೊಠಡಿಯಿಂದ ಕೊಠಡಿಗೆ ಸಾಗಿಸಿ ಕಡಿಮೆ ಖರ್ಚಿನಲ್ಲಿ ಶಾಲೆ ನಡೆಸುವ ಯೋಜನೆಯನ್ನು ವಿರೋಧಿಸಿದಳು. ೧೯೩೦ರ ದಶಕದ ಮೊದಲಲ್ಲಿ ಆರ್ಥಿಕ ಮುಗ್ಗಟ್ಟು ಬಂದಾಗ ಚಿಕಾಗೋದ ಶಿಕ್ಷಕರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಪಾಠ ಹೇಳಿದರು. ೧೯೩೩ರಲ್ಲಿ ಅವರು ಬೀದಿಗಿಳಿದು ಬ್ಯಾಂಕುಗಳಿಗೆ ನುಗ್ಗಿದಾಗ ಮುಂದಾಳುಗಳಾಗಿದ್ದವರು ಹೊಸ ಪೀಳಿಗೆ. ೧೯೩೭ರಲ್ಲಿ ನಗರದ ಬೇರೆ ಬೇರೆ ಶಿಕ್ಷಕ ಸಂಘಗಳು ಕೂಡಿ ಚಿಕಾಗೋ ಟೀಚರ್ಸ್ ಯೂನಿಯನ್ ಆದಾಗ ಹೇಲಿಯ ಒಕ್ಕೂಟ ಅದರಲ್ಲಿ ಸೇರಲಿಲ್ಲ. ಪ್ರಾಥಮಿಕ ಶಾಲೆಗಳ ಹೆಂಗಸರಿಗಾಗಿ ತಾನು ಕಟ್ಟಿದ ಮನೆಯಲ್ಲಿ ಪ್ರೌಢಶಾಲೆಯ ಗಂಡಸರಿಗೆ ಸ್ಥಳ ಕೊಟ್ಟರೆ ಮತ್ತೆ ಹಳೆಯ ಯಜಮಾನಿಕೆ ಬಂದೀತೆಂಬ ಭಯ ಆಕೆಗೆ ಇದ್ದಿರಬೇಕು. ನಾಯಕತ್ವವನ್ನು ಹಂಚಿಕೊಳ್ಳಲು ಒಪ್ಪದ ಹಟವೂ ಇದ್ದಿರಬೇಕು. ಎಲ್ಲರ ಶಾಲೆಗಾಗಿ ಹೋರಾಡಿದವಳು ಎಲ್ಲರ ಸಂಘದಿಂದ ಹೊರಗುಳಿದದ್ದು ಆಕೆಯ ಬಾಳಿನ ದುಃಖಕರವಾದ ಸಂಗತಿ. ೧೯೩೯ರ ಜನವರಿ ೫ರಂದು, ೭೭ನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು. ಬರೆದಿಟ್ಟಿದ್ದ ಆತ್ಮಕಥೆ ಬ್ಯಾಟಲ್‌ಗ್ರೌಂಡ್ ಎಂಬ ಹೆಸರಿನಿಂದ ೧೯೮೨ರಲ್ಲಿ ಅಚ್ಚಾಯಿತು.

ಆಕೆ ಸೇರದೆ ಹೋದ ಆ ಯೂನಿಯನ್ನೇ ಆಕೆಯ ಮಾತನ್ನು ಮುಂದುವರಿಸಿತೆಂಬುದು ಇತಿಹಾಸದ ಒಂದು ವಿನೋದ. ೨೦೧೨ರಲ್ಲಿ ಚಿಕಾಗೋದ ಶಿಕ್ಷಕರು ಮುಷ್ಕರ ಹೂಡುವ ಮುಂಚೆ, ನಗರದ ಮಕ್ಕಳಿಗೆ ಎಂಥ ಶಾಲೆ ಸಲ್ಲಬೇಕೆಂಬ ಬಗೆಗೆ ಒಂದು ವರದಿಯನ್ನು ಪ್ರಕಟಿಸಿ, ತಂದೆತಾಯಿಗಳೊಡನೆ ಕೇರಿಕೇರಿಗಳಲ್ಲಿ ಚರ್ಚಿಸಿದ್ದರು. ಸಣ್ಣ ತರಗತಿ, ಸಂಗೀತ, ಚಿತ್ರಕಲೆ, ಗ್ರಂಥಾಲಯ ಎಲ್ಲವೂ ಬಡವರ ಕೇರಿಗೂ ಬೇಕೆಂದರು. ಅಭಿವೃದ್ಧಿಯ ಹೆಸರಿನಲ್ಲಿ ಶಾಲೆಗಳಿಂದ ತಿರುಗಿಹೋದ ತೆರಿಗೆಯ ಲೆಕ್ಕ ಕೇಳಿದರು. ೨೦೧೯ರ ಮುಷ್ಕರದ ಅನಂತರದ ಒಪ್ಪಂದದಲ್ಲಿ, ಪ್ರತಿಯೊಂದು ಶಾಲೆಗೂ ಒಬ್ಬ ದಾದಿಯನ್ನೂ ಒಬ್ಬ ಸಮಾಜ ಕಾರ್ಯಕರ್ತರನ್ನೂ ಹಂತಹಂತವಾಗಿ ಒದಗಿಸುವ ಮಾತು ಸೇರಿತು. ಸಂಬಳದ ಪತ್ರದಲ್ಲಿ ಮಗುವಿನ ಜ್ವರಕ್ಕೂ ಒಂದು ಕಲಮು ದೊರೆತದ್ದು ಹೇಲಿ ತೆರೆದ ದಾರಿಯಿಂದಲೇ.

ಮೊದಲ ಪ್ರಶ್ನೆಗೆ ಈಗ ಏನೆನ್ನಬೇಕು? ಸಂಘ ಹೊಟ್ಟೆಗಾಗಿ ಹುಟ್ಟುತ್ತದೆ. ಅದರಲ್ಲಿ ನಾಚಿಕೆಯೇನೂ ಇಲ್ಲ. ನಮ್ಮ ಶರಣರು ಕಾಯಕವನ್ನು ಹೇಳಿದ ಉಸಿರಿನಲ್ಲಿಯೇ ದಾಸೋಹವನ್ನೂ ಹೇಳಿದರು. ದುಡಿದವನು ಉಣ್ಣಬಾರದೆನ್ನಲಿಲ್ಲ, ಉಣ್ಣುವಾಗ ಪಂಕ್ತಿಯನ್ನು ಮರೆಯಬಾರದೆಂದರು. ಹೇಲಿಗೆ ಈ ಮಾತುಗಳು ತಿಳಿದಿರಲಿಲ್ಲ. ಆದರೆ ತನ್ನ ಸಂಬಳ ಏಕೆ ಬರಲಿಲ್ಲವೆಂದು ಹುಡುಕುತ್ತ ಹೋದವಳಿಗೆ ಮಗುವಿನ ಕಲ್ಲಿದ್ದಲು ಏಕೆ ಬರಲಿಲ್ಲವೆಂಬುದೂ ಅದೇ ಕಡತದಲ್ಲಿ ಸಿಕ್ಕಿತು. ಆ ಕಡತವನ್ನು ಅಲ್ಲಿಯೇ ಮುಚ್ಚಿಬಿಟ್ಟು ತನ್ನ ಪಾಲನ್ನು ಮಾತ್ರ ಕೇಳಬಹುದಾಗಿತ್ತು. ಆಕೆ ಅದನ್ನು ಊರಿನ ಮುಂದೆ ತೆರೆದಿಟ್ಟಳು. ಸಾರ್ವಜನಿಕ ಸೇವಕರ ಸಂಘವೊಂದನ್ನು ಅಳೆಯಲು ನನಗೆ ತಿಳಿದಿರುವ ಅಳತೆಗೋಲು ಇದೇ: ಕಡತ ತೆರೆದಾಗ ಅದು ಎಷ್ಟು ಜನರ ಲೆಕ್ಕವನ್ನು ಓದುತ್ತದೆ.